ಸ್ಪ್ರಿಂಗು ಕುಣಿಯುತ್ತಿದ್ದ ಶನಿವಾರಗಳು

ಟೀವಿಯವರಿಗೆ ತೋರಿಸಲು ಹೊಸದೇನೂ ಉಳಿದಿರಲಿಲ್ಲವೋ, ಅಥವಾ ವಯಸ್ಸಾದವರ ಮೇಲೆ ನಿಜವಾಗಿಯೂ ಅಕ್ಕರೆ ಉಕ್ಕಿತೋ, ಅಂತೂ ಆ ವರ್ಷ ‘ವಾರದ ಇಪ್ಪತ್ತು’ ಮತ್ತೆ ಶುರುವಾಯಿತು. ಆಯಾ ವಾರ ಅತಿ ಹೆಚ್ಚು ಮಾರಾಟವಾದ ಹಾಡುಗಳನ್ನು ಇಪ್ಪತ್ತರಿಂದ ಹಿಡಿದು ಒಂದರವರೆಗೆ ಎಣಿಸುತ್ತ ಬರುವ ಕಾರ್ಯಕ್ರಮ ಅದು. ಹಾಡುಗಾರರು ಸ್ಟುಡಿಯೋಕ್ಕೇ ಬಂದು ಹಾಡುತ್ತಿದ್ದರು. ಅವರ ಸುತ್ತ ಒಂದು ಗುಂಪು ಹುಡುಗ ಹುಡುಗಿಯರು ಕುಣಿಯುತ್ತಿದ್ದರು. ಹಿಂದೆಲ್ಲ ಶನಿವಾರ ಸಂಜೆ ಅದು ನೇರ ಪ್ರಸಾರವಾಗುವ ಹೊತ್ತಿಗೆ ಬೀದಿಯಲ್ಲಿ ನಾಯಿ ಕೂಡ ಬೊಗಳುತ್ತಿರಲಿಲ್ಲ ಎಂದು ಹೇಳುವವರು ಈಗಲೂ ಇದ್ದಾರೆ. ಅದೇ ಕಂತುಗಳನ್ನು ಅದೇ ಸರದಿಯಲ್ಲಿ, ವಾರಕ್ಕೊಂದರಂತೆ, ಈಗ ಮತ್ತೆ ಹಾಕತೊಡಗಿದ್ದರು. ಅಂದಿನ ಬೇಸಿಗೆ ಇಂದಿನ ಬೇಸಿಗೆಗೆ, ಅಂದಿನ ಚಳಿ ಇಂದಿನ ಚಳಿಗೆ ಸರಿಹೊಂದುವ ಹಾಗೆ.

ಹಲ್ಲಕ್ಕನಿಗೆ ಇದರ ಗೊಡವೆಯೇ ಇರಲಿಲ್ಲ. ದಂತವೈದ್ಯರ ಕ್ಲಿನಿಕ್ಕಿನ ಹಿಂಬದಿಯ ಪುಟ್ಟ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವುದು ಅವಳ ಕಸುಬು. ಬೀದಿಯವರು ಆ ಹೆಸರಿಟ್ಟದ್ದೂ ಅದಕ್ಕೇ. ಅಚ್ಚಿನಲ್ಲಿ ಗಚ್ಚು ಹುಯ್ದು, ಮೇಣದ ವಸಡು ಕಟ್ಟಿ, ಅದರಲ್ಲಿ ಒಂದೊಂದೇ ಹಲ್ಲು ಕೂರಿಸುತ್ತ ಅವಳ ಅರ್ಧ ಆಯುಷ್ಯ ಕಳೆದಿತ್ತು. “ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರಲ್ಲ, ಆ ಗಾದೇನ ಸುಳ್ಳು ಮಾಡಿದವಳು ನಾನು” ಎಂದು ಅವಳೇ ನಗುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ನಗು ಕಡಿಮೆಯಾಗಿತ್ತು.

ಗಂಡ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೌಂಟರಿನ ಹಿಂದೆ ಕೂತು ಬದುಕು ಸವೆಸಿದ ಮನುಷ್ಯ. ಮಾತು ಕಡಿಮೆ. ಎಡಗಾಲು ಎಳೆದು ನಡೆಯುತ್ತಿದ್ದ. ಆ ಕಾಲಿನ ಬೂಟಿಗೆ ಹೆಬ್ಬೆರಳು ದಪ್ಪದ ಅಟ್ಟೆ ಹಾಕಿಸಿಕೊಡುತ್ತಿದ್ದವಳು ಅವನ ತಂಗಿ. ಅವಳಿಗೆ ಚಪ್ಪಲಿ ಅಂಗಡಿಯಲ್ಲಿ ಕೆಲಸ. “ಚಿಕ್ಕವನಿದ್ದಾಗ ಬಿದ್ದಿದ್ದು” ಎಂದು ಅವನು ಮದುವೆಗೆ ಮುಂಚೆಯೇ ಹೇಳಿಬಿಟ್ಟಿದ್ದ. ಅದಾದ ಮೇಲೆ ಆ ಮಾತು ಎತ್ತಲಿಲ್ಲ, ಇವಳೂ ಕೆದಕಲಿಲ್ಲ. ಆ ಮನೆಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಹಾಡು ಹಾಕುವ ಹಾಗಿರಲಿಲ್ಲ. ರೇಡಿಯೋದಲ್ಲಿ ಸುದ್ದಿ ಮುಗಿದು ಹಾಡು ಬಂತೆಂದರೆ ಅವನೇ ಕಾಲೆಳೆದುಕೊಂಡು ಎದ್ದು ಬಂದು ಆರಿಸುತ್ತಿದ್ದ. “ಕೆಲವರಿಗೆ ಬದನೆಕಾಯಿ ಆಗಲ್ಲ, ನಮ್ಮೆಜಮಾನ್ರಿಗೆ ಹಾಡು ಆಗಲ್ಲ” ಎಂದು ಅವಳು ಅದನ್ನು ಒಂದು ಒಗ್ಗದ ತಿನಿಸಿನ ಲೆಕ್ಕಕ್ಕೆ ಹಾಕಿಬಿಟ್ಟಿದ್ದಳು.

ಅವನು ಹೋಗಿ ವರ್ಷ ತುಂಬಿದ ಮೇಲೆ ನಾದಿನಿ ಶನಿವಾರ ಸಂಜೆ ಬರತೊಡಗಿದಳು. “ನಮ್ಮನೆ ಟೀವಿ ಕೆಟ್ಟಿದೆ ಅತ್ತಿಗೆ” ಎಂದಳು. ಹಲ್ಲಕ್ಕ ಬೇಡವೆನ್ನಲಿಲ್ಲ. ಒಂಟಿ ಮನೆಯಲ್ಲಿ ಯಾರಾದರೂ ಇದ್ದರೆ ಒಳ್ಳೆಯದೇ. ನಾದಿನಿ ಸೋಫಾದ ಮೇಲೆ ಕಾಲು ಮಡಚಿ ಕೂತು ಹಳೆಯ ಹಾಡುಗಳ ಜತೆ ತಾನೂ ಹಾಡುವಳು. ಹಲ್ಲಕ್ಕ ಪಕ್ಕದಲ್ಲಿ ಕೂತು ಬಟ್ಟೆ ಮಡಚುವಳು. ಕಣ್ಣು ಅತ್ತ, ಕೈ ಇತ್ತ. ನಾದಿನಿಯ ಫೋನಿನಲ್ಲಿ ಆ ಕಾರ್ಯಕ್ರಮದ ಅಭಿಮಾನಿಗಳ ಗುಂಪೊಂದಿತ್ತು. ‘ಈ ಹಾಡು ಮೂರಕ್ಕೆ ಬರಬೇಕಿತ್ತು, ಅನ್ಯಾಯ’ ಎಂದು ಒಬ್ಬ ಅಜ್ಜ ಇವತ್ತು ನಿನ್ನೆ ನಡೆದ ಅನ್ಯಾಯವೆಂಬಂತೆ ಜಗಳ ತೆಗೆಯುವನು. ಮೊಮ್ಮಕ್ಕಳನ್ನು ಕಂಡವರೆಲ್ಲ ಆ ಒಂದು ಗಂಟೆ ಹದಿನೆಂಟರ ಹುಡುಗರಾಗುತ್ತಿದ್ದರು.

ಬೇಸಿಗೆಯ ಒಂದು ಶನಿವಾರ ಹನ್ನೊಂದನೇ ಹಾಡು ನಡೆಯುತ್ತಿತ್ತು. ಕ್ಯಾಮೆರಾ ಹಾಡುಗಾರ್ತಿಯನ್ನು ಬಿಟ್ಟು ಕುಣಿಯುವವರ ಕಡೆ ಹೊರಳಿತು. ಗುಂಡನೆಯ ಕಟ್ಟೆಯ ಮೇಲೆ ಒಬ್ಬ ಹುಡುಗ ಹಳದಿ ಫ್ರಾಕಿನ ಹುಡುಗಿಯ ಕೈ ಹಿಡಿದು ಅವಳನ್ನು ಬುಗುರಿಯಂತೆ ತಿರುಗಿಸಿ ಬಿಟ್ಟ. ತಾನೂ ನೆಲ ಬಿಟ್ಟು ಹಾರಿ, ಗಾಳಿಯಲ್ಲೇ ಒಂದು ಸುತ್ತು ಸುತ್ತಿ, ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿದ. ಇಳಿದವನೇ ನಕ್ಕ.

ಹಲ್ಲಕ್ಕ ಮೊದಲು ಕಂಡದ್ದು ಮುಖವನ್ನಲ್ಲ, ಹಲ್ಲನ್ನು. ಮೇಲಿನ ಸಾಲಿನ ಎಡಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಅರ್ಧ ಹತ್ತಿ ಕೂತಿತ್ತು. ಅಂಥ ಹಲ್ಲು ಜಗತ್ತಿನಲ್ಲಿ ಎಷ್ಟೋ ಜನಕ್ಕಿರಬಹುದು. ಆದರೆ ಮೂರು ದಶಕಕ್ಕೂ ಹೆಚ್ಚು ಕಾಲ ಊಟದ ಮೇಜಿನ ಆಚೆ ಬದಿಯಲ್ಲಿ ಕಂಡ ಹಲ್ಲನ್ನು ಯಾರೂ ಮರೆಯುವುದಿಲ್ಲ.

“ಅದು ಯಾರು?” ಎಂದಳು.

ನಾದಿನಿಯ ಹಾಡು ನಿಂತಿತ್ತು. ಅವಳು ಅತ್ತಿಗೆಯ ಮುಖ ನೋಡಲಿಲ್ಲ.

“ಕೇಳಿದ್ದಕ್ಕೆ ಬಾಯಿ ಬಿಡೇ. ಯಾರದು?”

“ಅಣ್ಣ” ಎಂದಳು ನಾದಿನಿ. ಹಾಗೆಂದವಳೇ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು.

“ಅವರ ಕಾಲು...” ಎಂದಳು ಹಲ್ಲಕ್ಕ. ಟೀವಿಯಲ್ಲಿ ಆಗಲೇ ಹತ್ತನೇ ಹಾಡು ಬಂದು, ಯಾರೋ ಗಡ್ಡದವನು ಗಿಟಾರು ಬಡಿಯುತ್ತಿದ್ದ.

ಆಮೇಲೆ ನಾದಿನಿ ಹೇಳಿದ್ದಿಷ್ಟು. ಅಣ್ಣ ಆ ಕಾರ್ಯಕ್ರಮದ ಕುಣಿಯುವ ಹುಡುಗರಲ್ಲಿ ಒಬ್ಬನಾಗಿದ್ದ. ಪ್ರತಿ ಶನಿವಾರ ಲೈಬ್ರರಿಗೆ ಹೋಗುತ್ತೇನೆಂದು ಹೇಳಿ ಹೋಗುತ್ತಿದ್ದ. ಪಕ್ಕದ ಮನೆಯವರು ಟೀವಿ ತಂದ ಮೇಲೆ ಗುಟ್ಟು ರಟ್ಟಾಯಿತು. ಅಪ್ಪ ಹಾರಾಡಿದರು, ಅವನು ಜಗ್ಗಲಿಲ್ಲ. ಆಮೇಲೆ ಒಂದು ಶನಿವಾರ ಸ್ಟುಡಿಯೋದಿಂದ ಸೈಕಲ್ಲಿನಲ್ಲಿ ಬರುವಾಗ ಇಳಿಜಾರಿನಲ್ಲಿ ಲಾರಿಯೊಂದು ಗುದ್ದಿತು. ಕಾಲು ಉಳಿದದ್ದೇ ದೊಡ್ಡದು ಎಂದರು ಡಾಕ್ಟರು.

“ಮತ್ತೆ ನನಗ್ಯಾಕೆ ಸುಳ್ಳು ಹೇಳಿದ್ರು?”

“ಅವನೇ ನಮ್ಮೆಲ್ಲರ ಬಾಯಿ ಕಟ್ಟಿಸಿದ್ದ ಅತ್ತಿಗೆ. ಕುಣೀತಿದ್ದೆ ಅಂತ ಗೊತ್ತಾದ್ರೆ ಜನ ಕಾಲು ನೋಡಿ ಅಯ್ಯೋ ಅಂತಾರೆ, ಮೊದಲಿಂದ್ಲೂ ಹೀಗೇ ಅಂದ್ರೆ ಯಾರೂ ಏನೂ ಅನ್ನಲ್ಲ ಅಂದ. ನಿಮ್ಮ ಮುಂದೆ ಬಾಯಿ ಬಿಟ್ರೆ ನನ್ನ ಮುಖ ನೋಡಲ್ಲ ಅಂದಿದ್ದ.” ಕಣ್ಣೊರೆಸಿಕೊಂಡು ಮತ್ತೆ ಹೇಳಿದಳು. “ನಮ್ಮನೆ ಟೀವಿ ಕೆಟ್ಟಿಲ್ಲ. ಅವನು ಕಾಣಿಸ್ತಾನೇನೋ ಅಂತಲೇ ಬರ್ತಿದ್ದೆ. ಒಬ್ಬಳೇ ನೋಡೋಕೆ ಧೈರ್ಯ ಸಾಲಲಿಲ್ಲ.”

ಹಲ್ಲಕ್ಕನಿಗೆ ಸಿಟ್ಟು ಬಂತು. ಆದರೆ ಸತ್ತವರ ಮೇಲೆ ಸಿಟ್ಟು ಬಂದರೆ ಅದನ್ನು ತೆಗೆದುಕೊಂಡು ಹೋಗಿ ಎಲ್ಲಿಡುವುದು? ಮಡಚಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಚಿದಳು. ಆಮೇಲೆ ಕೇಳಿದಳು.

“ಲಾರಿ ಗುದ್ದಿದ್ದು ಯಾವಾಗ?”

“ತಿಂಗಳು ನೆನಪಿಲ್ಲ. ನಾನು ಸಣ್ಣವಳು. ಆಸ್ಪತ್ರೆಗೆ ಅವನ ಕಂಬಳಿ ನಾನೇ ಹೊತ್ಕೊಂಡು ಹೋಗಿದ್ದೆ, ಅಷ್ಟು ಗೊತ್ತು. ಚಳಿ ಇತ್ತು.”

ಫ್ಯಾನಿದ್ದರೂ ಕೂರಲಾಗದ ಸೆಕೆ. ಚಳಿಗೆ ಇನ್ನೂ ಬಹಳ ದಿನವಿತ್ತು.

ಬೇರೆ ಮನೆ ಮಾಡಿಕೊಂಡು ಸಿಟಿ ಬಸ್ ಓಡಿಸುತ್ತಿದ್ದ ಮಗಳಿಗೆ ವಿಷಯ ತಿಳಿದದ್ದೇ ತಡ, ಮುಂದಿನ ಶನಿವಾರ ಪಾಳಿ ಬದಲಿಸಿಕೊಂಡು ಯೂನಿಫಾರ್ಮಿನಲ್ಲೇ ಓಡಿ ಬಂದಳು. ಅಪ್ಪ ಪರದೆಯ ಮೇಲೆ ಕಂಡಾಗ ಅವಳು ಅಳಲಿಲ್ಲ. ಎದ್ದು ನಿಂತು ಚಪ್ಪಾಳೆ ಹೊಡೆದಳು. “ಅಮ್ಮಾ, ನೋಡೇ, ಆ ಪ್ಯಾಂಟು ನೋಡು! ಇಬ್ಬರು ಹೊಕ್ಕಬಹುದು!” ಎಂದು ಬಿದ್ದು ಬಿದ್ದು ನಕ್ಕಳು. ಅವಳ ನಗು ಕೇಳಿ ಹಲ್ಲಕ್ಕನಿಗೂ ನಗು ಬಂತು. ಆ ಸಂಜೆ ಮೂವರೂ ಹೆಂಗಸರು ಒಂದೇ ಸೋಫಾದಲ್ಲಿ ಒತ್ತಿಕೊಂಡು ಕೂತು, ಕ್ಯಾಮೆರಾ ಅವನ ಕಡೆ ತಿರುಗಿದಾಗಲೆಲ್ಲ “ಅಗೋ ಅಗೋ” ಎಂದು ಕೂಗಿದರು. ಮಗಳು ಪ್ರತಿ ಕಂತನ್ನೂ ರೆಕಾರ್ಡ್ ಮಾಡಿಡುವ ಏರ್ಪಾಡು ಮಾಡಿದಳು.

ಅಭಿಮಾನಿಗಳ ಗುಂಪಿನಲ್ಲಿ ಹಳಬರು ಅವನನ್ನು ‘ಸ್ಪ್ರಿಂಗು’ ಎಂದು ಕರೆಯುತ್ತಿದ್ದರು ಎಂಬುದೂ ಆಗ ತಿಳಿಯಿತು. ‘ಈ ವಾರ ಸ್ಪ್ರಿಂಗು ನೋಡಿದ್ರಾ? ಅವನಿಗೆ ಮೂಳೇನೇ ಇರಲಿಲ್ಲ ಕಣ್ರೀ’ ಎಂದು ಒಬ್ಬರು. ‘ನಮ್ಮ ಹಾಸ್ಟೆಲಿನಲ್ಲಿ ಎಲ್ಲರೂ ಅವನ ಥರ ಹಾರೋಕೆ ಹೋಗಿ ಮಂಚ ಮುರಿದಿದ್ವಿ’ ಎಂದು ಇನ್ನೊಬ್ಬರು. ‘ಈಗೆಲ್ಲಿದ್ದಾನೋ ಮಹರಾಯ’ ಎಂದು ಮತ್ತೊಬ್ಬರು. ನಾದಿನಿಗೆ ಬರೆಯಬೇಕೆಂದು ಕೈ ತುರಿಸುತ್ತಿತ್ತು. ಹಲ್ಲಕ್ಕ ಬಿಡಲಿಲ್ಲ. ತನಗೇ ಹೊಸದಾಗಿ ಸಿಕ್ಕವನನ್ನು ಇಷ್ಟು ಬೇಗ ಊರಿಗೆಲ್ಲ ಹಂಚಲು ಅವಳಿಗೆ ಮನಸ್ಸಿರಲಿಲ್ಲ.

ಹೌದು, ಹೊಸದಾಗಿಯೇ ಸಿಕ್ಕಿದ್ದ. ರೆಕಾರ್ಡನ್ನು ಅವನ ನಗುವಿನ ಹತ್ತಿರ ನಿಲ್ಲಿಸಿ ಅವಳು ಪರದೆಗೆ ಮೂಗು ತಾಗಿಸುವಷ್ಟು ಸಮೀಪ ಕೂರುತ್ತಿದ್ದಳು. ಅವರಿಬ್ಬರ ಪರಿಚಯವಾದದ್ದೇ ಹಲ್ಲಿನಿಂದ. ಮುಂದಿನ ಹಲ್ಲು ಮುರಿದಿದೆ, ಮೆಟ್ಟಿಲಿನಲ್ಲಿ ಬಿದ್ದೆ ಎಂದು ಹೇಳಿಕೊಂಡು ಅವನು ಕ್ಲಿನಿಕ್ಕಿಗೆ ಬಂದಿದ್ದ. ಆ ಜಾಗಕ್ಕೆ ಹಲ್ಲು ಮಾಡಿಕೊಟ್ಟವಳು ಇವಳು. ಮೊದಲಿನದು ಹೇಗಿತ್ತೆಂದು ಕೇಳಿದಾಗ “ಸಾಮಾನ್ಯವಾಗಿತ್ತು” ಎಂದಿದ್ದ. ಇವಳು ಅಂದಾಜಿನ ಮೇಲೆ ನೇರವಾದ, ಅಚ್ಚುಕಟ್ಟಾದ ಹಲ್ಲು ಕೂರಿಸಿದ್ದಳು. ಈಗ ಮೂಲದ್ದು ಕಣ್ಣೆದುರಿಗಿತ್ತು. ಅದು ಸ್ವಲ್ಪ ಒಳಕ್ಕೆ ತಿರುಗಿತ್ತು, ಪಕ್ಕದಲ್ಲಿ ಕಡ್ಡಿ ತೂರುವಷ್ಟು ಸಂದು. ತಾನು ಮಾಡಿದ್ದು ಇದಕ್ಕಿಂತ ಚೆಂದವಾಗಿತ್ತು. ಆದರೆ ಆ ನಗುವಿಗೆ ಸೇರಿದ್ದು ಇದು. ಎರಡು ಸುಳ್ಳು, ಒಂದೇ ಲಾರಿ ಎಂದು ಅವಳಿಗೆ ಆಗ ಹೊಳೆಯಿತು.

ಹಳದಿ ಫ್ರಾಕಿನವಳನ್ನು ಕಂಡರೆ ಮಾತ್ರ ಹೊಟ್ಟೆಯಲ್ಲಿ ಕಿಚ್ಚು. ಪ್ರತಿ ವಾರ ಅವನ ಜೋಡಿ ಅವಳೇ. ಫ್ರಾಕು ಬದಲಾಗುತ್ತಿತ್ತು, ಹಿಡಿದ ಕೈ ಬದಲಾಗುತ್ತಿರಲಿಲ್ಲ. “ಯಾರೇ ಈ ಸೊಟ್ಟಮೂತಿ?” ಎಂದು ನಾದಿನಿಯನ್ನು ಕೇಳಿದಳು. ನಾದಿನಿಗೂ ಗೊತ್ತಿರಲಿಲ್ಲ. ಮಗಳು “ಅಮ್ಮಾ, ಆಗ ನೀನು ಅವರಿಗೆ ಸಿಕ್ಕಿರಲೇ ಇಲ್ಲ, ಈಗ್ಯಾಕೆ ಹೊಟ್ಟೆಕಿಚ್ಚು?” ಎಂದು ಗೇಲಿ ಮಾಡಿದಳು. ಹಲ್ಲಕ್ಕನಿಗೆ ಸಿಕ್ಕಿದ್ದು ಕೌಂಟರಿನ ಹಿಂದೆ ಕೂತವನು; ಆ ಫ್ರಾಕಿನವಳಿಗೆ ಸಿಕ್ಕಿದ್ದು ಹಾರುವವನು.

ಮಳೆಗಾಲ ಕಳೆಯಿತು. ಗಾಳಿ ತಣ್ಣಗಾಯಿತು. ಒಂದು ಶನಿವಾರ ಪರದೆಯ ಮೇಲಿನ ಜನ ಸ್ವೆಟರು ತೊಟ್ಟು ಬಂದರು. ನಿರೂಪಕ ಕೈ ಉಜ್ಜಿಕೊಳ್ಳುತ್ತ “ಹೊರಗೆ ಎಂಥಾ ಚಳಿ!” ಎಂದ. ಹಲ್ಲಕ್ಕ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು.

ಅಲ್ಲಿಂದ ಮುಂದೆ ಶನಿವಾರವೆಂದರೆ ಬೇಕು, ಬೇಡ, ಎರಡೂ ಆಯಿತು. ಅವನು ಕಂಡರೆ ಈ ವಾರ ಪಾರಾದ ಎಂದು ಸಮಾಧಾನ. ಕಂಡ ಮರುಕ್ಷಣವೇ, ಇದೇ ಕೊನೆಯದಾದರೆ ಎಂಬ ಭಯ. ಕಾರ್ಯಕ್ರಮ ಮುಗಿದು ಹೆಸರುಗಳು ಮೇಲೇರುವಾಗ ಅವಳು ಪರದೆಗೆ ಹೇಳುತ್ತಿದ್ದಳು. “ಸೈಕಲ್ ಬೇಡ. ನಡ್ಕೊಂಡು ಹೋಗಿ. ಒಂದಿನ ತಡವಾದ್ರೆ ಯಾರೇನೂ ಅನ್ನಲ್ಲ.” ಮಗಳು ಮೊದಮೊದಲು ನಗುತ್ತಿದ್ದಳು, ಆಮೇಲೆ ಅವಳೂ ನಗಲಿಲ್ಲ. “ಆ ಇಳಿಜಾರು ನನ್ನ ರೂಟಿನಲ್ಲೇ ಬರುತ್ತೆ ಅಮ್ಮ” ಎಂದಳು ಒಂದು ದಿನ. “ಈಗ ಅಲ್ಲಿ ಸಿಗ್ನಲ್ ಇದೆ. ಕೆಂಪು ಬಿದ್ದಾಗ ನಿಂತಿರ್ತೀನಲ್ಲ, ಹಿಂದೆ ಲಾರಿ ಬಂತಾ ಅಂತ ಕನ್ನಡೀನೇ ನೋಡ್ತಿರ್ತೀನಿ.”

ಲ್ಯಾಬಿನಲ್ಲಿಯೂ ಕೆಲಸ ಕೆಡತೊಡಗಿತು. ಒಬ್ಬ ನಿವೃತ್ತ ಜಡ್ಜ್‌ಗೆ ಮಾಡಿದ ಸೆಟ್ಟಿನಲ್ಲಿ ಕೋರೆಹಲ್ಲನ್ನು ಪಕ್ಕದ ಹಲ್ಲಿನ ಮೇಲೆ ಹತ್ತಿಸಿ ಕೂರಿಸಿಬಿಟ್ಟಿದ್ದಳು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು, “ಏನಿದು ಅಕ್ಕಾ, ಜಡ್ಜ್ ಸಾಹೇಬ್ರನ್ನ ಕಾಲೇಜಿಗೆ ಕಳಿಸ್ತೀರಾ?” ಎಂದರು. ಹಲ್ಲಕ್ಕ ಮೇಣ ಕರಗಿಸಿ ಮತ್ತೆ ಕೂರಿಸಿದಳು. ಆ ಹೊತ್ತಿನಲ್ಲಿ ತವರಿನ ಅಣ್ಣನ ಮಗನ ಮದುವೆ ನೆನಪಾಯಿತು. ಎಲ್ಲರೂ ಕುಣಿದಿದ್ದರು, ಇವಳೂ ಕುಣಿದಿದ್ದಳು. ಗಂಡ ಎದ್ದು ಹೋಗಿ ಕಾರಿನಲ್ಲಿ ಕೂತುಬಿಟ್ಟಿದ್ದ. ಕರೆಯಲು ಹೋದಾಗ ಕಿಟಕಿ ಗಾಜು ಏರಿಸಿಕೊಂಡು, ಅಷ್ಟು ಸೆಕೆಯಲ್ಲಿ ಬೆವೆತು ಕೂತಿದ್ದ. ಅವನ ಬಲಗಾಲು ಹಾಡಿನ ತಾಳಕ್ಕೆ ಕುಟ್ಟುತ್ತಿತ್ತು. ಸಿಟ್ಟಿಗೆ ಕುಟ್ಟುತ್ತಿದ್ದಾನೆ ಎಂದು ತಿಳಿದು ಅವಳು ಹಿಂದಿರುಗಿದ್ದಳು.

ಆಮೇಲೆ ಒಂದು ಶನಿವಾರ ಅವನು ಬರಲಿಲ್ಲ.

ಇಪ್ಪತ್ತು ಕಳೆಯಿತು, ಹದಿನೈದು ಕಳೆಯಿತು. “ಹಿಂದೆ ಎಲ್ಲೋ ಇರಬಹುದು” ಎಂದಳು ನಾದಿನಿ. ಹತ್ತು ಕಳೆಯಿತು. ಮಗಳು ನೆಲದ ಮೇಲೆ ಟೀವಿಯ ಮುಂದೆಯೇ ಕೂತು ಒಂದೊಂದು ಮುಖವನ್ನೂ ಹುಡುಕುತ್ತಿದ್ದಳು. ಐದನೇ ಹಾಡಿಗೆ ಗುಂಡನೆಯ ಕಟ್ಟೆ ಕಂಡಿತು. ಹಳದಿ ಫ್ರಾಕಿನವಳು ಅಲ್ಲಿದ್ದಳು. ಉದ್ದ ಕೂದಲಿನ ಯಾರೋ ಒಬ್ಬ ಅವಳ ಕೈ ಹಿಡಿದು ತಿರುಗಿಸುತ್ತಿದ್ದ. ಅವಳು ಹಲ್ಲು ಬಿಟ್ಟು ನಗುತ್ತಿದ್ದಳು.

“ನಗ್ತಾಳಲ್ಲೇ!” ಎಂದು ಹಲ್ಲಕ್ಕ ಎದ್ದು ನಿಂತಳು. “ಅಲ್ಲಿ ಅವರು ಆಸ್ಪತ್ರೇಲಿ ಬಿದ್ದಿದ್ದಾರೆ, ಇವಳು ನಗ್ತಾಳೆ! ನಾಚಿಕೆ ಬೇಡ್ವಾ?”

“ಅವಳಿಗೆ ಗೊತ್ತಿತ್ತೋ ಇಲ್ವೋ ಅತ್ತಿಗೆ” ಎಂದಳು ನಾದಿನಿ ಮೆಲ್ಲಗೆ.

ಮಗಳು ಎದ್ದು ಹಿಂದಿನ ವಾರದ ರೆಕಾರ್ಡ್ ಹಾಕಿದಳು. ಲಾರಿ ಗುದ್ದಿದ್ದು ಆ ಶನಿವಾರವೇ, ನೇರ ಪ್ರಸಾರ ಮುಗಿದ ಮೇಲೆ. ಹಾಗಾದರೆ ಅದರಲ್ಲಿ ಏನಾದರೂ ಇರಬೇಕಲ್ಲ. ಮೂವರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರು. ಏನೂ ಇರಲಿಲ್ಲ. ಅವನು ಕಂಡದ್ದೇ ಒಂದು ಸಲ, ಅದೂ ಅರ್ಧ. ಹಾಡುಗಾರನ ಅಗಲವಾದ ಟೋಪಿ ಅಡ್ಡ ಬಂದು, ಅದರ ಆಚೆ ಅವನ ಒಂದು ಕೈ ಮತ್ತು ಹಣೆ ಮಾತ್ರ ಮೇಲೆ ಕೆಳಗೆ ಆಗುತ್ತಿತ್ತು. ಅವನ ಕೊನೆಯ ಕುಣಿತ ಇದೆಂದು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ, ಟೋಪಿಯವನಿಗಂತೂ ಇಲ್ಲವೇ ಇಲ್ಲ. ಮಗಳು ಅದನ್ನು ಮತ್ತೆ ಮತ್ತೆ ಹಾಕಿದಳು. ಹಲ್ಲಕ್ಕ ಟೋಪಿಯ ಆಚೆ ಇಣುಕುವವಳಂತೆ ಕತ್ತು ವಾಲಿಸಿದಳು. ಕೊನೆಗೆ ನಾದಿನಿಯೇ, “ಸಾಕು ಬಿಡೇ, ಕೈಮುಗೀತೀನಿ” ಎಂದು ರಿಮೋಟು ಕಸಿದುಕೊಂಡಳು.

ಆ ವಾರ ಗುಂಪಿನಲ್ಲಿಯೂ ಜನ ಕೇಳತೊಡಗಿದರು, ಸ್ಪ್ರಿಂಗು ಎಲ್ಲಿ ಎಂದು. ಮಗಳಿಗೆ ತಡೆಯಲಾಗಲಿಲ್ಲ. ಅಮ್ಮನನ್ನು ಕೇಳದೆಯೇ, ‘ಅವರು ನಮ್ಮ ಅಪ್ಪ, ಹೋದ ವರ್ಷ ತೀರಿಕೊಂಡರು’ ಎಂದು ಬರೆದು, ಅಮ್ಮನ ಮನೆಯ ಫೋನ್ ನಂಬರನ್ನೂ ಹಾಕಿಬಿಟ್ಟಳು. ಕಾಲಿನ ವಿಷಯ ಬರೆಯಲಿಲ್ಲ. ಮುಗಿಬಿದ್ದ ಹಾಗೆ ಸಂತಾಪಗಳು ಬಂದವು. ಕಂಡರಿಯದ ಜನ ತಮ್ಮ ಮನೆಯವನೇ ಹೋದಂತೆ ಮರುಗಿದರು.

ಭಾನುವಾರ ಬೆಳಿಗ್ಗೆ ಹಲ್ಲಕ್ಕ ಪಾತ್ರೆ ತೊಳೆಯುವಾಗ ಫೋನು ಬಂತು. ಹೆಂಗಸಿನ ದನಿ, ವಯಸ್ಸಾದದ್ದು, ಸ್ವಲ್ಪ ಉಬ್ಬಸ.

“ನಾನು ಅವರ ಜೊತೆ ಕುಣೀತಿದ್ದವಳು. ಹಳದಿ ಫ್ರಾಕು ಅಂತ ಗುಂಪಲ್ಲಿ ಎಲ್ಲರೂ ಕರೀತಾರೆ” ಎಂದಿತು ದನಿ.

ತಿಂಗಳುಗಟ್ಟಲೆ ಆ ಹೆಂಗಸಿಗೆ ಹೇಳಬೇಕೆಂದು ಕೂಡಿಟ್ಟ ಬೈಗುಳಗಳಲ್ಲಿ ಒಂದೂ ಹಲ್ಲಕ್ಕನ ಬಾಯಿಗೆ ಬರಲಿಲ್ಲ. “ಹೇಳಿ” ಎಂದಳು.

“ಆ ವಾರ ಅವರು ಬರಲಿಲ್ಲ. ಕೇಳಿದ್ದಕ್ಕೆ, ದೂರದ ಊರಲ್ಲಿ ಕೆಲಸ ಸಿಕ್ಕಿದೆ, ಬಿಟ್ಟು ಹೋದ ಅಂತ ಅವರ ಅಪ್ಪ ಹೇಳಿ ಕಳಿಸಿದ್ರಂತೆ. ಒಂದು ಮಾತು ಹೇಳದೆ ಹೋದನಲ್ಲ ಅಂತ ನನಗೆ ಭಾಳ ಸಿಟ್ಟು ಬಂದಿತ್ತು. ಆ ಶನಿವಾರ ಬೇಕಂತಲೇ ಜೋರಾಗಿ ನಕ್ಕಿದ್ದೆ. ಎಲ್ಲಾದ್ರೂ ಟೀವೀಲಿ ನೋಡ್ಲಿ ಅಂತ.” ಆ ಕಡೆ ಉಸಿರು ಎಳೆದುಕೊಂಡ ಸದ್ದು. “ನಮ್ಮಿಬ್ಬರ ಮಧ್ಯೆ ಬೇರೇನೂ ಇರಲಿಲ್ಲಮ್ಮ. ಆದ್ರೆ ಅಂಥ ಜೋಡಿ ಮತ್ತೆ ಸಿಗಲಿಲ್ಲ. ಒಂದೇ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆಮೇಲೆ ಅವರು ಎಲ್ಲಾದ್ರೂ ಕುಣಿದ್ರಾ? ಅಷ್ಟು ಸುಲಭಕ್ಕೆ ಬಿಡೋರಲ್ಲ ಅವರು.”

ಅಡುಗೆಮನೆಯ ನಲ್ಲಿ ಸುರಿಯುತ್ತಲೇ ಇತ್ತು. ಹಲ್ಲಕ್ಕ ಗೋಡೆಗೆ ಒರಗಿದಳು. ನಿಜ ಹೇಳಿದರೆ ಈ ಮುದುಕಿ ಉಳಿದ ದಿನವೆಲ್ಲ ಆ ನಗುವನ್ನು ನೆನೆದು ಕೊರಗುತ್ತಾಳೆ. ಸುಳ್ಳು ಹೇಳಿದರೆ ಮೂರು ದಶಕ ಅವನು ನುಂಗಿಕೊಂಡದ್ದನ್ನು ಇಲ್ಲವೆಂದು ಹೇಳಿದ ಹಾಗೆ. ಅವನೇ ಇದ್ದಿದ್ದರೆ ಏನು ಹೇಳುತ್ತಿದ್ದ? ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ಬಿಡುತ್ತಲೇ ಇರಲಿಲ್ಲ.

“ಇಲ್ಲ” ಎಂದಳು. “ರೈಲ್ವೇಲಿ ಕೆಲಸ. ಪುರುಸೊತ್ತು ಇರಲಿಲ್ಲ.”

“ಅಯ್ಯೋ” ಎಂದಿತು ಆ ದನಿ. “ದಂಡ ಆಯ್ತಲ್ಲಮ್ಮ ಆ ಕಾಲು.”

ಹಲ್ಲಕ್ಕ ಏನೋ ಹೇಳಿ ಫೋನಿಟ್ಟಳು. ಏನು ಹೇಳಿದೆನೆಂದು ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಸಂಜೆ ಮಗಳ ಮುಂದೆ ನಡೆದದ್ದನ್ನು ಹೇಳಿದಾಗ ಅವಳು ಕೆಂಡವಾದಳು. “ಯಾಕಮ್ಮ ಮುಚ್ಚಿಟ್ಟೆ? ಅಪ್ಪ ಬಿಟ್ಟು ಓಡಿಹೋದವರಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?” ಹೇಳಬೇಕಿತ್ತೇನೋ. ಹೇಳಬಾರದಿತ್ತೇನೋ. ಫೋನು ಕೈಯಲ್ಲೇ ಇತ್ತು, ನಂಬರೂ ಇತ್ತು. ಹಲ್ಲಕ್ಕ ಎರಡು ಸಲ ಎತ್ತಿ ಎರಡು ಸಲವೂ ಇಟ್ಟಳು.

ಮುಂದಿನ ಶನಿವಾರ ಹೊತ್ತಾದರೂ ನಾದಿನಿ ಬರಲಿಲ್ಲ. ಇನ್ನು ಯಾವ ನೆಪ ಹೇಳಿಕೊಂಡು ಬರುವುದೆಂದು ಅವಳಿಗೆ ತಿಳಿದಿರಲಿಲ್ಲ. ಹಲ್ಲಕ್ಕನೇ ಫೋನು ಮಾಡಿದಳು.

“ನಿಮ್ಮನೆ ಟೀವಿ ರಿಪೇರಿ ಆಯ್ತೇನೇ?”

“ಅದರಲ್ಲಿ ಇನ್ನೇನಿದೆ ಅತ್ತಿಗೆ ನೋಡೋಕೆ?”

“ನನಗೂ ಗೊತ್ತಿಲ್ಲ. ಬಾ.”

ನಾದಿನಿ ಬಂದಳು. ಇಬ್ಬರೂ ಕೂತರು. ಹಾಡುಗಳು ಹತ್ತಿದವು, ಇಳಿದವು. ಹೊಸದೊಂದು ಏಳನೆಯ ಜಾಗಕ್ಕೆ ಬಂತು. ಉದ್ದ ಕೂದಲಿನವನು ಹಳದಿ ಫ್ರಾಕಿನವಳ ಕಾಲು ತುಳಿದು ಕ್ಷಮೆ ಕೇಳಿದ. ಹಲ್ಲಕ್ಕ ಗುಂಪಿನ ಹಿಂದಿನ ಸಾಲನ್ನೇ ನೋಡುತ್ತಿದ್ದಳು. ಅಲ್ಲಿ ಅವನಿಲ್ಲವೆಂದು ಅವಳಿಗೆ ಗೊತ್ತಿತ್ತು. ಆ ಹೊತ್ತಿಗೆ ಅವನು ಎಲ್ಲಿ ಮಲಗಿದ್ದನೆಂಬುದೂ ಗೊತ್ತಿತ್ತು. ಆದರೂ ಕ್ಯಾಮೆರಾ ಅತ್ತ ಹೊರಳಿದಾಗಲೆಲ್ಲ ಅವಳ ಕತ್ತು ತಾನಾಗಿ ಮುಂದಕ್ಕೆ ಬರುತ್ತಿತ್ತು, ಕ್ಯಾಮೆರಾ ಬೇರೆ ಕಡೆ ತಿರುಗಿದರೆ ಹಿಂದಕ್ಕೆ ಸರಿಯುತ್ತಿತ್ತು. ನಾದಿನಿ ಅದನ್ನು ಕಂಡೂ ಕಾಣದವಳ ಹಾಗೆ, ಮೂರನೇ ಹಾಡಿಗೆ ಸಣ್ಣ ದನಿಯಲ್ಲಿ ಸೇರಿಕೊಂಡಳು.